ಒಂಬತ್ತನೇ ಹಾಸಿಗೆಯ ನಾಡಿ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ನಂಬರಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿನ ಕಂಪ್ಯೂಟರುಗಳಿಗೂ ನಾಡಿ ತೋರಿಸುವ ಮಾನಿಟರುಗಳಿಗೂ ಐಪಿ ವಿಳಾಸ ಹಂಚುವುದು ಅವಳ ಕೆಲಸ. "ಒಲೆ ಮೇಲೆ ಹಾಲಿಟ್ಟಿದ್ದು ನೆನಪಿರಲ್ಲ, ಆ ಪೆಟ್ಟಿಗೆಗಳ ನಂಬರ್ ಮಾತ್ರ ಬಾಯಿಪಾಠ" ಎಂದು ಅತ್ತೆ ರೇಗಿಸುತ್ತಿದ್ದರು.

ಕಟ್ಟಡದ ಯಂತ್ರಗಳ ತಂತಿಗಳೆಲ್ಲ ಸ್ವಿಚ್ ಎನ್ನುವ ಒಂದೇ ಪೆಟ್ಟಿಗೆಗೆ ಸೇರಿದ್ದವು. ಇನ್ನೂರೈವತ್ತಾರು ವಿಳಾಸಗಳನ್ನು ಅವಳು ಅರವತ್ನಾಲ್ಕರಂತೆ ನಾಲ್ಕು ಪಾಲು ಮಾಡಿ, ವಾರ್ಡಿಗೊಂದು ಸಬ್‌ನೆಟ್ ಕೊಟ್ಟಿದ್ದಳು. ಪ್ರತಿ ಪಾಲಿನ ಮೊದಲ ವಿಳಾಸ ಇಡೀ ಪಾಲಿನ ಹೆಸರು. ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗುವುದಕ್ಕೆ. ಯಂತ್ರಗಳಿಗೆ ಉಳಿಯುವುದು ಅರವತ್ತೆರಡು. ಒಂದನೇ ವಾರ್ಡಿನ ಒಂಬತ್ತನೇ ಹಾಸಿಗೆಗೆ 192.168.10.9. ಎಲ್ಲದಕ್ಕೂ ಮಾಸ್ಕ್ 255.255.255.192, ಯಾವ ವಿಳಾಸ ತನ್ನ ಪಾಲಿನದು, ಯಾವುದು ಹೊರಗಿನದು ಎಂದು ಯಂತ್ರ ಗುರುತಿಸುವುದು ಆ ಮಾಸ್ಕಿನಿಂದಲೇ.

ಒಂದು ಮಧ್ಯಾಹ್ನ ಒಂದನೇ ವಾರ್ಡಿನ ಸಿಸ್ಟರ್ ಫೋನ್ ಮಾಡಿದಳು.

"ಅಕ್ಕಾ, ಒಂಬತ್ತನೇ ಬೆಡ್ಡಲ್ಲಿ ನಾಡಿ ಬರ್ತಿದೆ."

"ಬರ್ಲಿ ಬಿಡೇ, ಒಳ್ಳೇದೇ ಅಲ್ವಾ?"

"ಬೆಡ್ಡಲ್ಲಿ ಯಾರೂ ಇಲ್ಲಕ್ಕ. ಇದ್ದ ಅಜ್ಜ ಸೋಮವಾರವೇ ತೀರ್ಕೊಂಡ್ರು."

ನಂಬರಕ್ಕ ಹೋಗಿ ನೋಡಿದಳು. ಹಾಸಿಗೆಯ ಮೇಲೆ ಒಂದು ಸುಕ್ಕೂ ಇಲ್ಲದ ಬಿಳಿ ಚಾದರ. ಗೋಡೆಯಲ್ಲಿ ಮಾನಿಟರ್ ನೇತುಹಾಕುವ ಬರಿಯ ಕೊಕ್ಕೆ. ಸಿಸ್ಟರ್ ಮೇಜಿನ ದೊಡ್ಡ ಪರದೆಯಲ್ಲಿ ಮಾತ್ರ, ಒಂಬತ್ತನೇ ಚೌಕದೊಳಗೆ, ಹಸಿರು ಗೆರೆ ನೆಗೆಯುತ್ತಿತ್ತು. ಐವತ್ತೊಂದು. ನಲವತ್ತೊಂಬತ್ತು.

"ಬೆಳಗ್ಗಿಂದ ಮೂರು ಸಲ ಅಲಾರಾಂ ಹೊಡೀತು. ನಾನೇ ಆಫ್ ಮಾಡ್ದೆ. ಖಾಲಿ ಬೆಡ್ಡಿಗೆ ಓಡೋಕಾಗುತ್ತಾ? ಅಜ್ಜ ಇಲ್ಲೇ ಇದಾರೆ ಅಂತ ಆಯಾ ಒಳಗೆ ಕಾಲಿಡ್ತಿಲ್ಲ."

ನಲವತ್ತಾರು. ನಂಬರಕ್ಕ ಪರದೆಗೆ ಹತ್ತಿರ ಬಾಗಿದಳು. ನಾಡಿ ಸುಳ್ಳಲ್ಲ. ಯಾರದೋ ಎದೆಗೆ ಅಂಟಿಸಿದ ತಂತಿಯಿಂದಲೇ ಅದು ಬರುತ್ತಿತ್ತು. ಆದರೆ ವಿಳಾಸ ಹೇಳುವುದು ಯಂತ್ರ ಯಾವ ಪಾಲಿಗೆ ಸೇರಿದ್ದೆಂದು, ಎಲ್ಲಿ ನಿಂತಿದೆಯೆಂದಲ್ಲ.

ಲ್ಯಾಪ್‌ಟಾಪಿನಲ್ಲಿ ಸ್ವಿಚ್ಚಿನ ಪಟ್ಟಿ ತೆರೆದಳು. ಒಂಬತ್ತು ಮಾತಾಡುತ್ತಿದ್ದದ್ದು ಪೆಟ್ಟಿಗೆಯಲ್ಲಿ ತಂತಿ ಸಿಕ್ಕಿಸುವ ಮೂವತ್ತೊಂದನೇ ತೂತಿನಿಂದ. ಅದು ಎರಡನೇ ವಾರ್ಡ್, ಕಿಟಕಿ ಕಡೆ.

ಓಡಿದಳು.

ಎರಡನೇ ವಾರ್ಡಿನ ಪರದೆಯಲ್ಲಿ ಆ ಹಾಸಿಗೆಯ ಚೌಕ ಕಪ್ಪಗಿತ್ತು. "ನಮ್ಮ ಮಾನಿಟರ್ ಕೆಟ್ಟಿತ್ತಕ್ಕ. ಒಂದನೇ ವಾರ್ಡಲ್ಲಿ ಒಂದು ಸುಮ್ನೆ ನೇತಾಡ್ತಿತ್ತಲ್ಲ, ಬೆಳಗ್ಗೆ ತಂದು ಹಾಕ್ಕೊಂಡ್ವಿ" ಎಂದಳು ಅಲ್ಲಿನ ಸಿಸ್ಟರ್. ಅವಳ ಪಾಲು 65ರಿಂದ 126. ಒಂಬತ್ತನ್ನು ಅವಳ ಪರದೆ ಹೊರಗಿನವನೆಂದು ಬಿಟ್ಟಿತ್ತು. ಒಂದನೇ ವಾರ್ಡಿನದು ತನ್ನವನೆಂದು ಹಿಡಿದಿತ್ತು.

ಮರೆಯ ಬಟ್ಟೆ ಸರಿಸಿದಾಗ ಒಬ್ಬ ದರ್ಜಿ ಹೆಂಗಸು ಮಲಗಿದ್ದಳು, ತುಟಿ ನೀಲಿ. ನಿದ್ದೆ ಕೆಡದಿರಲೆಂದು ಯಾರೋ ಮಾನಿಟರಿನ ಸದ್ದು ತಗ್ಗಿಸಿದ್ದರು. ಡಾಕ್ಟರ್ ಬಂದು ಸೂಜಿ ಚುಚ್ಚಿದರು. ನಲವತ್ತು, ನಲವತ್ನಾಲ್ಕು, ಅರವತ್ತು.

"ವಿಳಾಸ ಬದಲಾಯಿಸಲಾ? ನಾಲ್ಕು ನಿಮಿಷ ಮಾನಿಟರ್ ಆಫ್ ಆಗುತ್ತೆ" ಎಂದಳು ನಂಬರಕ್ಕ.

"ಇವತ್ತು ಒಂದು ನಿಮಿಷಾನೂ ಬೇಡ" ಎಂದರು ಡಾಕ್ಟರ್. "ಹದಿನೆಂಟು ಜನಕ್ಕೆ ಇಲ್ಲಿ ಒಬ್ಬಳೇ ಸಿಸ್ಟರ್. ಒಂದನೇ ವಾರ್ಡಿನ ಪರದೆ ನೋಡ್ತಾ ಅಲ್ಲಿಂದಲೇ ಯಾರಾದ್ರೂ ಕಾಯ್ಲಿ."

ಸಂಜೆಯವರೆಗೂ ಒಂದನೇ ವಾರ್ಡಿನ ಸಿಸ್ಟರ್ ಫೋನ್ ಹಿಡಿದು ಒಂಬತ್ತನೇ ಚೌಕದ ಎದುರು ಕದಲದೆ ಕೂತಳು. ಬೆನ್ನ ಹಿಂದೆ ಸುಕ್ಕಿಲ್ಲದ ಹಾಸಿಗೆ. ಗೆರೆ ತುಸು ಬಾಗಿದಾಗಲೆಲ್ಲ ಅವಳು ಯಾರಿಗೆಂದು ತಿಳಿಯದೆ ಮೆಲ್ಲನೆ ಹೇಳುತ್ತಿದ್ದಳು: "ಇಲ್ಲೇ ಇದೀನಿ."