ಗೂರ್ಖಾನ ಕತ್ತಿ

೧೯೮೬ರಲ್ಲಿ ನಾನು ರಿಯಾದ್ ಹೊರವಲಯದಲ್ಲಿ, ಕಟ್ಟಡ ಕಂಪನಿಯೊಂದರ ಲೇಬರ್ ಕ್ಯಾಂಪಿನಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ಉಡುಪಿ ಕಡೆಯವನು, ಓದಿದ್ದು ಎಸ್ಸೆಸ್ಸೆಲ್ಸಿ. ಹಿಂದಿ ಚೆನ್ನಾಗಿ ಬರುತ್ತಿತ್ತು. ಅರಬಿ ಕೆಲಸಕ್ಕೆ ಬೇಕಾದಷ್ಟು. ಅಲ್ಲಿ ನಡೆದದ್ದನ್ನು ಮನೆಯವರಿಗೂ ಪೂರ್ತಿ ಹೇಳಿಲ್ಲ.

ಕ್ಯಾಂಪಿನ ಗೇಟ್ ಕಾಯುತ್ತಿದ್ದವರು ನೇಪಾಳದ ಧನಬಹಾದೂರ್, ನಮ್ಮ ಸೇನೆಯ ಗೂರ್ಖಾ ಪಲ್ಟನ್ನಿನಿಂದ ನಿವೃತ್ತರು. ನಾನು ‘ದಾಜು’ ಎನ್ನುತ್ತಿದ್ದೆ. ಅವರ ಭಾಷೆಯಲ್ಲಿ ಅಣ್ಣ. ಅವರ ಬಳಿ ಒಂದು ಖುಕುರಿ ಇತ್ತು. ಮುಂದಕ್ಕೆ ಬಾಗಿದ ಅಲಗು, ಹಿಡಿಯ ಹತ್ತಿರ ಸಣ್ಣ ಕಚ್ಚು, ಸವೆದ ಚರ್ಮದ ಒರೆ. ಎರಡನೇ ಮಹಾಯುದ್ಧದಲ್ಲಿ ಅವರ ತಂದೆ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಬರ್ಮಾದ ಕಾಡು ದಾಟಿದ್ದರಂತೆ. "ಶತ್ರುವಿಗಿಂತ ಬಿದಿರನ್ನೇ ಹೆಚ್ಚು ಕಡಿದೆ ಅಂತಿದ್ರು ಅಪ್ಪ" ಎಂದು ದಾಜು ಹಿಂದಿಯಲ್ಲಿ ಹೇಳಿ ನಗುತ್ತಿದ್ದರು.

ನನಗೆ ಅದನ್ನು ಕಂಡರೆ ಊರಿನ ಕತ್ತಿಯ ನೆನಪು. ಶುಕ್ರವಾರದ ಮೀನು ಸಾರಿಗೆ ತೆಂಗಿನಕಾಯಿ ಒಡೆಯಲು ಕೇಳಿ ತರುತ್ತಿದ್ದೆ. ಅಲಗಿನ ಬೆನ್ನಿನಿಂದ ಒಂದೇ ಪೆಟ್ಟು, ಕಾಯಿ ಎರಡು ಹೋಳು.

"ಒರೆಯಿಂದ ತೆಗೆದರೆ ರಕ್ತ ಕೇಳ್ತದಂತೆ, ಹೌದಾ ದಾಜು?" ಎಂದು ಒಮ್ಮೆ ಕೆಣಕಿದೆ.

"ನಿಮ್ಮ ಸಹವಾಸದಲ್ಲಿ ಅದು ಎಳನೀರಿಗೆ ಇಳಿದಿದೆ, ಸ್ಟೋರ್ ಬಾಬು."

ಆ ವರ್ಷ ಪಕ್ಕದ ಕ್ಯಾಂಪಿನಲ್ಲಿ ಹೊಡೆದಾಟವಾಯಿತು. ಆಯುಧ ಸಿಕ್ಕವರಿಗೆ ಫೈನಲ್ ಎಕ್ಸಿಟ್, ಅಂದರೆ ಕೆಲಸ ಕಳೆದುಕೊಂಡು ಊರಿಗೆ, ಎಂದು ನೋಟಿಸು ಬಂತು. ಒಂದು ಶನಿವಾರ ಬೆಳಿಗ್ಗೆ ಸೌದಿ ಮ್ಯಾನೇಜರ್ ತಪಾಸಣೆಗೆ ಬಂದರು. ಜೊತೆಗೆ ನಮ್ಮ ಸೂಪರ್‌ವೈಸರ್ ಸಯ್ಯದ್ ಸಾಹೇಬರು, ಮೈಸೂರಿನವರು. ಹಿಂದಿನ ದಿನ ತಂದ ಖುಕುರಿ ವಾಪಸು ಹೋಗದೆ ನನ್ನ ಸ್ಟೋರಿನ ಶೆಲ್ಫಿನಲ್ಲೇ ಇತ್ತು.

"ಏನ್ರೀ ಇದು, ಶೆಟ್ರೇ?" ಎಂದರು ಸಾಹೇಬರು.

"ಗೂರ್ಖಾನ ಕತ್ತಿ, ಸಾರ್" ಎಂದೆ.

ನಮ್ಮ ಕಡೆ ಕತ್ತಿ ಎಂದರೆ ಸೊಪ್ಪು ಕಡಿಯುವ, ಕಾಯಿ ಒಡೆಯುವ ಮನೆಯ ಸಾಮಾನು. ಮೈಸೂರಿನವರಿಗೆ ಅದು ಯುದ್ಧದ ಖಡ್ಗ. ಸಾಹೇಬರು ಮ್ಯಾನೇಜರ್ ಕಡೆ ತಿರುಗಿ "ಸೈಫ್" ಎಂದರು. ಖಡ್ಗಕ್ಕೆ ಅರಬಿ ಪದ ಅದು, ನನಗೆ ಗೊತ್ತಿತ್ತು. ‘ಸಿಕ್ಕೀನ್’ ಎಂದರೆ ಚಾಕು, ‘ಮತ್ಬಖ್’ ಎಂದರೆ ಅಡುಗೆಮನೆ ಎಂಬುದೂ ಗೊತ್ತಿತ್ತು. ಎರಡು ಪದ ಸಾಕಿತ್ತು. ಆದರೆ ಹಾಗೆಂದರೆ ಮುಂದಿನ ಪ್ರಶ್ನೆ ನನಗೇ: ನಿನ್ನ ಸ್ಟೋರಿಗೆ ತಂದವರು ಯಾರು? ನಾನು ಬಾಯಿ ಬಿಡಲಿಲ್ಲ.

ದಾಜುವನ್ನು ಕರೆಸಿದರು. ನಿನ್ನದೇನಾ ಎಂದು ಸಾಹೇಬರು ಹಿಂದಿಯಲ್ಲಿ ಕೇಳಿದರು.

"ನಂದೇ, ಸಾಬ್."

"ಜಗಳಕ್ಕೆ ಇಟ್ಟುಕೊಂಡಿದ್ದಾ?"

"ಜಗಳಕ್ಕಲ್ಲ. ಅಪ್ಪ ಯುದ್ಧದಲ್ಲಿ ಹಿಡಿದದ್ದು" ಎಂದರು, ಎದೆ ಸೆಟೆಸಿ. ಯುದ್ಧ ಎಂಬ ಮಾತು ಅರಬಿಗೆ ಹೋದ ಮೇಲೆ ಉಳಿದದ್ದೇನೂ ಇರಲಿಲ್ಲ. ಸ್ಟೋರಿಗೆ ಅದು ಹೇಗೆ ಬಂತು ಎಂದಾಗ ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ನಾನೇ ಇಟ್ಟಿದ್ದೆ" ಎಂದುಬಿಟ್ಟರು.

ಮೆಸ್ಸಿನ ಅಡುಗೆಯವನು ಉಳ್ಳಾಲದ ಇಬ್ರಾಹಿಂ. ಮಧ್ಯಾಹ್ನ ನನ್ನನ್ನು ಹಿಡಿದುಕೊಂಡ. "ಎಂತ ಶೆಟ್ರೇ, ಬಾಯಿಯಲ್ಲಿ ಅವಲಕ್ಕಿ ಇತ್ತಾ? ಕಾಯಿ ಒಡಿಲಿಕ್ಕೆ ತಂದದ್ದು ಅಂತ ಹೇಳ್ಲಿಕ್ಕೆ ಎಂತ ಕಷ್ಟ?"

"ನನ್ನ ಇಕಾಮಾ ಹೋದ್ರೆ ನೀನು ಕೊಡ್ತೀಯಾ ಮಾರಾಯ?"

ಇಕಾಮಾ ಎಂದರೆ ಆ ದೇಶದಲ್ಲಿ ಇರಲು ಕೊಡುವ ಪರವಾನಗಿ. ಅವನು ಒಳಗೆ ಹೋದ. ಅನ್ನ ಬಡಿಸುವಾಗಲೂ ಮುಖ ನೋಡಲಿಲ್ಲ.

ಖುಕುರಿಯನ್ನು ವರ್ಕ್‌ಶಾಪಿನಲ್ಲಿ ಗ್ಯಾಸ್ ಕಟ್ಟರಿನಿಂದ ತುಂಡು ಮಾಡಿದರು. ದಾಜು ಅಟೆನ್ಷನ್‌ನಲ್ಲಿ ನಿಂತು ನೋಡಿದರು. ಅದೇ ವಾರ ಅವರನ್ನು ಕಂಪನಿ ಬಸ್ಸಿನಲ್ಲಿ ವಿಮಾನ ನಿಲ್ದಾಣಕ್ಕೆ ಕಳಿಸಿದರು. ಮಗಳ ಮದುವೆಯವರೆಗಾದರೂ ದುಡಿಯಬೇಕು ಎಂದುಕೊಂಡು ಬಂದಿದ್ದ ಮನುಷ್ಯ.

ಬಸ್ ಹತ್ತುವ ಮೊದಲು ನನ್ನ ಹತ್ತಿರ ಬಂದರು.

"ಆವತ್ತು ನೀವೆಲ್ಲ ಯಾವ್ಯಾವುದೋ ಭಾಷೆಯಲ್ಲಿ ಮಾತಾಡಿದಿರಿ, ಬಾಬು. ನನಗೆ ತಿಳಿಯಲಿಲ್ಲ" ಎಂದರು. "ನೀವು ಸುಮ್ಮನಿದ್ದದ್ದು ಮಾತ್ರ ತಿಳಿಯಿತು."

ಮುಂದೆ ಒಂಬತ್ತು ವರ್ಷ ಸ್ಟೋರ್ ನೋಡಿಕೊಂಡೆ. ಒಂದು ಸಾಮಾನು ಯಾರದೆಂದು ಹೇಳಿದರೆ ಸ್ಟೋರ್‌ಕೀಪರನ ಕೆಲಸ ಮುಗಿಯುವುದಿಲ್ಲ, ಅದು ತನ್ನ ಕೈಗೆ ಯಾಕೆ ಬಂತೆಂಬುದನ್ನೂ ಅವನೇ ಹೇಳಬೇಕು. ಇದನ್ನು ನಾನು ಕಲಿತದ್ದು ಬೇರೊಬ್ಬರ ಅನ್ನ ಹೋದ ಮೇಲೆ.