ಪೈಪಿನ ಒಳತುದಿ

ಹಳಿಯಾಳದಲ್ಲಿ ಕಾರಿನ ಸಬ್‌ವೂಫರಿಗೆ, ಅಂದರೆ ದಪ್ಪ ದನಿಯ ಸ್ಪೀಕರಿಗೆ, ಪ್ಲೈವುಡ್ ಡಬ್ಬಿ ಮಾಡಿಕೊಡುವ ಬಡಗಿಯೊಬ್ಬರಿದ್ದರು. ಗಿರಾಕಿ ಏನೇ ಹೇಳಿದರೂ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, "ಬರೋಬ್ಬರಿ ಐತ್ರಿ" ಎಂದು ಒಪ್ಪಿಬಿಡುತ್ತಿದ್ದರು. ಕೆಂಪು ಬಣ್ಣ ಹಚ್ಚಿದರೆ ದನಿ ಜೋರಾಗುತ್ತದೆ ಎಂದು ಜೊಯಿಡಾದ ಜೀಪಿನವನೊಬ್ಬ ಹೇಳಿದಾಗಲೂ ಅದನ್ನೇ ಅಂದರು. ಪಾಪ, ಏನೂ ತಿಳಿಯದ ಮನುಷ್ಯ ಎಂದುಕೊಂಡೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು, ನನಗೆ ಎಲ್ಲವೂ ತಿಳಿದಿತ್ತು.

ದಪ್ಪ ದನಿ ಗುಂಯ್ ಎನ್ನಬೇಕಾದರೆ ಡಬ್ಬಿಯೊಳಗಿನ ಗಾಳಿ ಒಂದು ಪೈಪಿನ ಮೂಲಕ ಆಡಬೇಕು. ನನ್ನ ಕಾರಿನ ಡಬ್ಬಿಗಾಗಿ ಆ ಪೈಪಿನ ಉದ್ದವನ್ನು ಮೂರು ದಿನ ಲೆಕ್ಕ ಹಾಕಿ ನಕ್ಷೆ ಬರೆದುಕೊಟ್ಟೆ. ಜೊತೆಗೆ ಅರ್ಧ ಗಂಟೆ ಪಾಠವನ್ನೂ ಮಾಡಿದೆ. ಅವರು ನಿಂತೇ ಕೇಳಿ, "ಬರೋಬ್ಬರಿ ಐತ್ರಿ ಸರ" ಎಂದರು.

ಡಬ್ಬಿ ತಯಾರಾದ ದಿನ ಸಹೋದ್ಯೋಗಿಗಳನ್ನೂ ಕರೆದೊಯ್ದೆ. ಹಾಡು ಹಚ್ಚಿದರೆ ಅದು ನೆಗಡಿ ಹಿಡಿದ ಮೂಗಿನಂತೆ ಬುಸುಗುಟ್ಟಿತು. ಬಡಗಿ ಸ್ಪೀಕರ್ ಬಿಚ್ಚಿ ಒಳಗೆ ಬ್ಯಾಟರಿ ಬೆಳಕು ಬಿಟ್ಟು ತೋರಿಸಿದರು. ನನ್ನ ಲೆಕ್ಕದ ಪೈಪು ಡಬ್ಬಿಯಷ್ಟೇ ಉದ್ದವಿತ್ತು. ಅದರ ಒಳತುದಿ ಹಿಂದಿನ ಹಲಗೆಗೆ ಒತ್ತಿಕೊಂಡು ಗಾಳಿಗೆ ದಾರಿಯೇ ಇರಲಿಲ್ಲ.

ಅವರು ಪೈಪನ್ನು ನಡುವೆ ಕೊಯ್ದು, ನಲ್ಲಿಯ ಪೈಪಿಗೆ ಹಾಕುವ, ಮೊಣಕೈಯಂತೆ ಬಾಗಿದ ಎಲ್ಬೋ ಜೋಡಿಸಿ ಒಳಗೇ ತಿರುಗಿಸಿದರು. ಉದ್ದ ಹಾಗೇ ಉಳಿಯಿತು, ತುದಿ ಮಾತ್ರ ಹಲಗೆಯಿಂದ ದೂರ ಸರಿಯಿತು. ಈ ಸಲ ಕಾರಿನ ಗಾಜು ಅದುರಿತು.

"ಎಲ್ಬೋ ಯಾವಾಗ ತಂದ್ರಿ?" ಎಂದು ಕೇಳಿದೆ.

"ನೀವು ನಕ್ಷೆ ಕೊಟ್ಟ ದಿನಾನ ತಂದಿಟ್ಟಿದ್ನಿರಿ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನೀವು ಪಾಠಾ ಮಾಡಾಕತ್ತಿದ್ರಲ್ರಿ ಸರ" ಎಂದು ಅವರು ಮೈಮೇಲಿನ ಪುಡಿ ಝಾಡಿಸಿಕೊಂಡರು. "ನಡುವ ಬಾಯಿ ಹಾಕಬಾರದು ಅಂತ ಸಾಲ್ಯಾಗ ಕಲಿಸ್ಯಾರ್ರಿ."