ಸೀರೆಯಂಚುಗಳ ಸ್ಥಳಾಂತರ

ಕಂಪ್ಯೂಟರಿನ ಪರದೆಯ ಮೇಲೆ ಪ್ರತಿ ಅಕ್ಷರದ ಜಾಗದಲ್ಲೂ ಒಂದು ಖಾಲಿ ಚೌಕ. ಚೌಕದ ಮೂಲೆಗಳನ್ನು ಮಾತ್ರ ಯಾರೋ ಮುತುವರ್ಜಿಯಿಂದ ದುಂಡಗೆ ಮಾಡಿದ್ದರು.

ನಮ್ಮದು ದೊಡ್ಡಬಳ್ಳಾಪುರದಲ್ಲಿ ನಾಲ್ಕು ವಿದ್ಯುತ್ ಮಗ್ಗಗಳ ಮನೆ. ಅಪ್ಪ ನೇಯಿಸುತ್ತಾರೆ, ಎಂ.ಎಸ್ಸಿ. ಮುಗಿಸಿದ ನಾನು ಸೀರೆಯಂಚಿನ ವಿನ್ಯಾಸಗಳನ್ನು ಕಂಪ್ಯೂಟರಿನಲ್ಲಿ ಬರೆದು ಆನ್‌ಲೈನ್ ಸಂಗ್ರಹದಲ್ಲಿ ಇಡುತ್ತೇನೆ. ಹೆಸರಿಡುವ ಹಕ್ಕು ಅಪ್ಪನದು. ಒಂದು ಅಂಚನ್ನು ಮೊದಲು ಯಾವ ಮದುಮಗಳು ಧಾರೆಗೆ ಉಟ್ಟಳೋ ಅವಳ ಗುರುತೇ ಅದರ ಹೆಸರು: ‘ಬೂದಿಗೆರೆ ಸಣ್ಣ ಸೊಸೆ’, ‘ನಗದೇ ಇದ್ದ ಹುಡುಗಿ’, ‘ದೇವನಹಳ್ಳಿ ದೊಡ್ಡ ಮಗಳು’. ನಂಬರ್ ಹಾಕೋಣ ಎಂದು ಒಮ್ಮೆ ಹೇಳಿದ್ದಕ್ಕೆ, “ನಂಬರ್ ಹಾಕಕ್ಕೆ ಅದೇನು ಬಸ್ಸೇನಮ್ಮಾ?” ಎಂದಿದ್ದರು.

ಸಂಗ್ರಹದ ಕಂಪನಿಯಿಂದ ಒಂದು ದಿನ ಇಮೇಲ್ ಬಂತು. ‘ಸಂತಸದ ಸುದ್ದಿ!’ ಹಳೆಯ ಸೇವೆಯನ್ನು ಮುಚ್ಚಿ ಎಲ್ಲವನ್ನೂ ಹೊಸದಕ್ಕೆ ಸಾಗಿಸುತ್ತಾರಂತೆ. ನಾವು ಏನೂ ಮಾಡಬೇಕಿಲ್ಲವಂತೆ. ‘ನೀವೇನೂ ಮಾಡಬೇಕಿಲ್ಲ’ ಎನ್ನುವವರನ್ನು ನಮ್ಮ ಕಡೆ ಜಮೀನಿನ ವ್ಯವಹಾರದಲ್ಲಿ ಬೇಕಾದಷ್ಟು ನೋಡಿದ್ದೇವೆ. ಆದರೂ ನಂಬಿದೆ. ಗ್ರಾಹಕರ ಆತಂಕಗಳಿಗೆಂದೇ ಒಂದು ಪುಟವಿತ್ತು. ‘ನನ್ನ ಕಡತಗಳು ಸುರಕ್ಷಿತವೇ?’ ‘ಖಂಡಿತ!’

ಮಾತು ಸುಳ್ಳಲ್ಲ, ಒಂದೂ ಕಳೆದಿರಲಿಲ್ಲ. ಹೊಸ ಸೇವೆಗೆ ಕನ್ನಡ ಬರುತ್ತಿರಲಿಲ್ಲ, ಅಷ್ಟೇ. ನೂರಾರು ಮದುಮಕ್ಕಳು ಒಂದೇ ಥರದ ಚೌಕಗಳಾಗಿ ಸಾಲುಗಟ್ಟಿ ನಿಂತಿದ್ದರು, ನಮ್ಮಿಂದಲೂ ಸುರಕ್ಷಿತವಾಗಿ. ಎಲ್ಲಕ್ಕೂ ಸಾಗಿಸಿದ ದಿನದ್ದೇ ತಾರೀಖು. ಒಳಗೇನಿದೆ ಎಂದು ನೋಡಲು ಒಂದೊಂದನ್ನೂ ಇಳಿಸಿಕೊಳ್ಳಬೇಕು. ಎಲ್ಲ ಗ್ರಾಹಕರ ಸ್ಥಳಾಂತರ ಮುಗಿಯುವವರೆಗೆ ದಿನಕ್ಕೆ ಕೆಲವನ್ನು ಮಾತ್ರ ಇಳಿಸಬಹುದು, ‘ಎಲ್ಲರ ಅನುಕೂಲಕ್ಕಾಗಿ’.

ಅದೇ ವಾರ ದೇವನಹಳ್ಳಿಯಿಂದ ಒಬ್ಬ ತಾಯಿ ಫೋನ್ ಮಾಡಿದರು. ಕಿರಿಮಗಳ ಮದುವೆ ಹತ್ತಿರ ಬಂದಿತ್ತು.

“ದೊಡ್ಡೋಳಿಗೆ ಹಾಕಿದ್ರಲ್ಲ, ಅದೇ ಅಂಚು ಬೇಕು ಕಣಮ್ಮಾ. ಒಂದು ಎಲೆ ಹೆಚ್ಚುಕಮ್ಮಿ ಆದ್ರೂ ಚಿಕ್ಕೋಳು ಹಸೆಮಣೆ ಮೇಲೇ ಮೂತಿ ಊದಿಸ್ಕೊಂಡು ಕೂತ್ಕೋತಾಳೆ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಬೇರೆ ಕಡೆ ನೋಡ್ಕೋತೀವಿ.”

ಅಪ್ಪ ಫೋನ್ ಕಸಿದುಕೊಂಡು, “ಭದ್ರವಾಗಿದೆ ತಾಯಿ, ನೀವು ಯೋಚ್ನೆ ಬಿಡಿ” ಅಂದುಬಿಟ್ಟರು. ಅದೂ ಸುಳ್ಳಲ್ಲ.

ಕಂಪನಿಯ ಸಹಾಯವಾಣಿಗೆ ಬರೆದೆ. ನಗುಮುಖದ ಯಂತ್ರವೊಂದು ನನ್ನ ಆತಂಕ ತನಗೆ ಅರ್ಥವಾಗುತ್ತದೆ ಎಂದು ಇಂಗ್ಲಿಷಿನಲ್ಲಿ ತಿಳಿಸಿ, ಕಡತದ ಹೆಸರು ಕೇಳಿತು. ಕೊಟ್ಟೆ. ‘ದೇವನಹಳ್ಳಿ ದೊಡ್ಡ ಮಗಳು’ ಚೌಕಗಳಾಗಿ ನನಗೇ ಮರಳಿ ಬಂದಳು. ಈ ಉತ್ತರ ಉಪಯುಕ್ತವಾಯಿತೇ ಎಂದು ಅದು ವಿಚಾರಿಸಿತು.

“ಆ ದೊಡ್ಡ ಮಗಳನ್ನ ಅನುಗೊಂಡನಹಳ್ಳಿಗೆ ಕೊಟ್ಟಿರೋದು. ಹೋಗಿ ಸೀರೆ ನೋಡ್ಕೊಂಡು ಮತ್ತೆ ಬರೀಲಾ?” ಎಂದು ಅಪ್ಪನನ್ನು ಕೇಳಿದೆ.

“ನಾವೇ ನೇಯ್ದಿದ್ದನ್ನ ಅವ್ರ ಮನೆಗೆ ಹೋಗಿ ತೋರ್ಸಿ ಅನ್ನೋದಾ? ನೋಡ್ದೋರು ನಗ್ತಾರೆ. ಆ ಕಂಪನಿಯೋನಿಗೇ ಇನ್ನೊಂದ್ಸಲ ಕೇಳು.”

“ಅವನು ಆಗ್ಲಿಂದ ನಗ್ತಾನೇ ಇದಾನೆ ಅಪ್ಪ.”

ಮರುದಿನ ಬೆಳಿಗ್ಗೆ ಅಪ್ಪನಿಗೆ ಹೇಳದೆ ಬಸ್ಸು ಹತ್ತಿದೆ. ದೊಡ್ಡ ಮಗಳು ಬೀರು ತೆಗೆಯಲೇ ಇಲ್ಲ. ಧಾರೆ ಸೀರೆಯನ್ನು ಕತ್ತರಿಸಿ ತಮ್ಮ ಮಗಳಿಗೆ ಲಂಗ ಹೊಲಿಸಿಬಿಟ್ಟಿದ್ದರು. “ನಮ್ಮಮ್ಮಂಗೆ ಮಾತ್ರ ಹೇಳ್ಬೇಡಿ, ಸಾಯಿಸ್ಬಿಡ್ತಾಳೆ” ಎಂದರು. ನಾನು ಬಂದದ್ದನ್ನು ನಮ್ಮಪ್ಪನಿಗೆ ಹೇಳಬೇಡಿ ಎಂದೆ. ಮಾತು ಲಂಗದ ಬಗ್ಗೆ ಎಂದು ತಿಳಿದದ್ದೇ ತಡ, ಮಗು ಅದನ್ನು ತೊಟ್ಟುಕೊಂಡು ಬಂತು. ಬಿಚ್ಚಿಕೊಡಲು ಏನು ಮಾಡಿದರೂ ಒಪ್ಪಲಿಲ್ಲ. ನಾನು ಅಂಗಳದ ನೆಲದ ಮೇಲೆ ಕೂತು, ಅದು ನಿಂತಾಗಲೆಲ್ಲ ಅಂಚಿಗೆ ಅಳತೆಪಟ್ಟಿ ಹಿಡಿದು ಫೋಟೊ ತೆಗೆದುಕೊಂಡೆ. ಓಡಿದಾಗ ಹಿಂದೆಯೇ ಓಡಿದೆ.